ಗೆರೆ ಎಳೆಯುವ ಮುನ್ನ ಮಂಡಿಗೆ ಹೋಗಿ

ಪ್ರಾಜೆಕ್ಟ್ ವರದಿ ಒಪ್ಪಿಸುವ ದಿನ ಹತ್ತಿರವಾದಾಗ ಶಿವಮೊಗ್ಗದ ನಮ್ಮ ಮನೆಗೆ ಎಂಜಿನಿಯರಿಂಗ್ ಹುಡುಗರು ಬರತೊಡಗುತ್ತಾರೆ. ಪ್ರೋಗ್ರಾಂ ಮುಗಿದಿದೆ, ‘ಡಯಾಗ್ರಾಂ ಹಾಕುವುದು’ ಮಾತ್ರ ಬಾಕಿ ಎನ್ನುತ್ತಾರೆ. ಗೃಹಪ್ರವೇಶದ ಹಿಂದಿನ ರಾತ್ರಿ ಮನೆಯ ನಕ್ಷೆ ಬರೆಸಲು ಹೊರಟಂತೆ. ಹೋದ ಸಲ ಬಂದ ಇಬ್ಬರು ಅಡಿಕೆ ಮಂಡಿಯ ಲೆಕ್ಕಕ್ಕೆ ತಂತ್ರಾಂಶ ಮಾಡಿದ್ದರು, ಮಂಡಿಯೊಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಅವರ ಉದಾಹರಣೆಯನ್ನೇ ಇಟ್ಟುಕೊಂಡು ಯುಎಂಎಲ್ (ಯುನಿಫೈಡ್ ಮಾಡೆಲಿಂಗ್ ಲ್ಯಾಂಗ್ವೇಜ್), ಅಂದರೆ ತಂತ್ರಾಂಶದ ನಕ್ಷೆಯನ್ನು ಚಿತ್ರಗಳಲ್ಲಿ ಬರೆಯುವ ಭಾಷೆ, ಕಲಿಯುವ ದಾರಿ ಹೇಳುತ್ತೇನೆ.

ಗ್ರೇಡಿ ಬೂಚ್, ಜೇಮ್ಸ್ ರಂಬಾ, ಐವರ್ ಜೇಕಬ್ಸನ್ ಎಂಬ ಮೂವರು ತಂತ್ರಾಂಶ ತಜ್ಞರು ತಮ್ಮ ತಮ್ಮ ಚಿತ್ರಪದ್ಧತಿಗಳನ್ನು ಕೂಡಿಸಿದ್ದರಿಂದ ಹುಟ್ಟಿದ್ದು ಯುಎಂಎಲ್. 1997ರಲ್ಲಿ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನಕ ಸಂಸ್ಥೆ ಅದನ್ನು ಮಾನಕವಾಗಿ ಒಪ್ಪಿಕೊಂಡಿತು. ಈಗ ಅದರಲ್ಲಿ 14 ಬಗೆಯ ಚಿತ್ರಗಳಿವೆ. ಹದಿನಾಲ್ಕನ್ನೂ ಕಲಿಯಲು ಹೊರಟವರು ಒಂದನ್ನೂ ಕಲಿಯುವುದಿಲ್ಲ. ಯೂಸ್ ಕೇಸ್ (ಯಾರಿಗೆ ಯಾವ ಕೆಲಸ ಆಗಬೇಕು), ಕ್ಲಾಸ್ (ಯಾವ ಯಾವ ವಸ್ತುಗಳಿವೆ, ಅವುಗಳ ಸಂಬಂಧವೇನು), ಸೀಕ್ವೆನ್ಸ್ (ಯಾವುದರ ನಂತರ ಯಾವುದು ನಡೆಯುತ್ತದೆ), ಈ ಮೂರು ಸಾಕು.

ಮೊದಲು ಪೆನ್ಸಿಲ್, ರಬ್ಬರ್ ಮತ್ತು ಹಳೆಯ ಕ್ಯಾಲೆಂಡರಿನ ಹಿಂಬದಿ ಸಿದ್ಧಮಾಡಿಕೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೂ ಇವು ಕೈಕೊಡುವುದಿಲ್ಲ. ಕಂಪ್ಯೂಟರಿನಲ್ಲಿ ಬರೆದ ಚಿತ್ರ ಚೆಂದ ಕಾಣುವುದರಿಂದಲೇ ಅದನ್ನು ಅಳಿಸಲು ಮನಸ್ಸು ಬರುವುದಿಲ್ಲ. ಕಲಿಯುವವರಿಗೆ ಅದೇ ದೊಡ್ಡ ಅಡ್ಡಿ.

ಯೂಸ್ ಕೇಸ್ ಚಿತ್ರ ಅರ್ಧ ಗಂಟೆಯ ಕೆಲಸ. ಬೆಳೆಗಾರ, ಖರೀದಿದಾರ, ಗುಮಾಸ್ತ ಇವರನ್ನು ಕಡ್ಡಿ ಮನುಷ್ಯರಂತೆ ಬರೆದು, ಪ್ರತಿಯೊಬ್ಬರೂ ಯಾವ ಕೆಲಸ ಮುಗಿಸಿಕೊಂಡು ಹೋಗಲು ಬರುತ್ತಾರೆ ಎಂಬುದನ್ನು ಮೊಟ್ಟೆಯಾಕಾರದೊಳಗೆ ಬರೆಯಿರಿ. ‘ಲಾಗಿನ್’ ಎಂಬ ಮೊಟ್ಟೆ ಬೇಡ. ಲಾಗಿನ್ ಆಗುವ ಸಲುವಾಗಿ ಯಾರೂ ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬರುವುದಿಲ್ಲ.

ಎಡವುವುದು ಕ್ಲಾಸ್ ಚಿತ್ರದಲ್ಲಿ. ಮಂಡಿಯಲ್ಲಿ ನಡೆಯುವುದನ್ನು ಒಂದು ಪುಟ ಗದ್ಯದಲ್ಲಿ ಬರೆದು ನಾಮಪದಗಳ ಕೆಳಗೆ ಗೆರೆ ಎಳೆಯಿರಿ: ಬೆಳೆಗಾರ, ಚೀಲ, ಲಾಟು (ಒಟ್ಟಿಗೆ ಮಾರಾಟಕ್ಕಿಟ್ಟ ಮಾಲು), ತೂಕ, ಟೆಂಡರ್, ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ಮುಂಗಡ. ಎಲ್ಲವೂ ಕ್ಲಾಸ್, ಅಂದರೆ ಚಿತ್ರದಲ್ಲಿ ತನ್ನದೇ ಪೆಟ್ಟಿಗೆ ಪಡೆಯುವ ವಸ್ತುವಿನ ಬಗೆ, ಆಗುವುದಿಲ್ಲ. ತೂಕ ಲಾಟಿನ ಒಂದು ಗುಣ ಮಾತ್ರ, ಅದಕ್ಕೆ ಪ್ರತ್ಯೇಕ ಪೆಟ್ಟಿಗೆ ಬೇಕಿಲ್ಲ.

ಆ ಹುಡುಗರು ‘ಅಡಿಕೆ’ ಎಂಬ ಕ್ಲಾಸ್ ಬರೆದು, ಅದರ ಕೆಳಗೆ ಅಡಿಕೆಯ ದರ್ಜೆಗಳಾದ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಾಲ್ಕು ಮಕ್ಕಳನ್ನು ತ್ರಿಕೋನದ ಬಾಣದಿಂದ ಜೋಡಿಸಿದ್ದರು. ಇನ್‌ಹೆರಿಟೆನ್ಸ್, ಅಂದರೆ ಮೇಲಿನ ಕ್ಲಾಸ್‌ನ ಗುಣ ಮಕ್ಕಳ ಕ್ಲಾಸ್‌ಗೆ ಬರುವುದನ್ನು, ಹೊಸದಾಗಿ ಕಲಿತವರಿಗೆ ಎಲ್ಲೆಲ್ಲೂ ಅದೇ ಕಾಣುತ್ತದೆ. ನಾಲ್ಕನ್ನೂ ತೂಗುವ ಕ್ರಮ ಒಂದೇ, ಟೆಂಡರ್ ನಡೆಸುವ ಕ್ರಮ ಒಂದೇ, ಪಟ್ಟಿ ಬರೆಯುವ ಕ್ರಮವೂ ಒಂದೇ. ಬೇರೆಯಾಗುವುದು ಹೆಸರು ಮತ್ತು ದರ. ನಡವಳಿಕೆ ಬೇರೆಯಾಗದಿದ್ದರೆ ಮಕ್ಕಳ ಕ್ಲಾಸ್ ಬೇಡ. ‘ದರ್ಜೆ’ ಎಂಬ ಒಂದೇ ಕ್ಲಾಸ್ ಬರೆದು ಲಾಟಿಗೆ ಜೋಡಿಸಿ. ‘ವ್ಯಕ್ತಿ’ಯ ಕೆಳಗೆ ಬೆಳೆಗಾರ, ಚೇಣಿದಾರ (ಬೇರೆಯವರ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವರು) ಎಂದು ಕವಲೊಡೆಸುವುದೂ ಇದೇ ತಪ್ಪು. ಸ್ವಂತ ತೋಟವಿರುವವರೇ ಪಕ್ಕದ ತೋಟವನ್ನು ಚೇಣಿಗೆ ಹಿಡಿಯುವುದು ಮಲೆನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ಅದು ಪಾತ್ರ, ಹುಟ್ಟುಗುಣವಲ್ಲ. ಒಬ್ಬ ವ್ಯಕ್ತಿಗೆ ಹಲವು ಪಾತ್ರ ಎಂದು ಸಾದಾ ಗೆರೆ ಎಳೆಯಿರಿ.

ಮುಂದಿನದು ಗೆರೆಯ ತುದಿಯ ಅಂಕಿ, ಅಂದರೆ ಮಲ್ಟಿಪ್ಲಿಸಿಟಿ: ಒಂದಕ್ಕೆ ಇನ್ನೊಂದು ಎಷ್ಟು ಎಂಬುದು. ಹತ್ತರಲ್ಲಿ ಎಂಟು ಜನ ಇದನ್ನು ತಿರುವುಮುರುವಾಗಿ ಬರೆಯುತ್ತಾರೆ. ಬೆಳೆಗಾರನ ಪೆಟ್ಟಿಗೆಯ ಮೇಲೆ ಬೆರಳಿಟ್ಟು ‘ಒಬ್ಬ ಬೆಳೆಗಾರನಿಗೆ ಎಷ್ಟು ಲಾಟು?’ ಎಂದು ಗಟ್ಟಿಯಾಗಿ ಕೇಳಿಕೊಳ್ಳಿ. ಉತ್ತರವನ್ನು ಲಾಟಿನ ಬದಿಯ ತುದಿಯಲ್ಲಿ ಬರೆಯಿರಿ: 0..* (ಸೊನ್ನೆಯಿಂದ ಎಷ್ಟಾದರೂ). ಈಗ ಬೆರಳನ್ನು ಲಾಟಿನ ಮೇಲಿಟ್ಟು ‘ಒಂದು ಲಾಟಿಗೆ ಎಷ್ಟು ಬೆಳೆಗಾರರು?’ ಎಂದು ಕೇಳಿ, 1 ಎಂಬುದನ್ನು ಬೆಳೆಗಾರನ ಬದಿಗೆ ಬರೆಯಿರಿ. ಪ್ರತಿ ಸಲವೂ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದು ಎರಡು ಪ್ರಶ್ನೆ. ಕನಿಷ್ಠದ ಪ್ರಶ್ನೆಯನ್ನು ಬಿಟ್ಟವರೇ ಸಿಕ್ಕಿಬೀಳುವುದು.

ಲಾಟಿಗೂ ಮಾರಾಟಕ್ಕೂ ನಡುವಿನ ಗೆರೆಯಲ್ಲಿ, ಮಾರಾಟದ ಬದಿಗೆ, ಹುಡುಗರು 1 ಎಂದು ಬರೆದಿದ್ದರು. ನಾನು ಅವರನ್ನು ಮಂಡಿಗೆ ಕಳುಹಿಸಿದೆ. ಗುಮಾಸ್ತರು ನಕ್ಕು, “ದರ ಹೊಂದದಿದ್ದರೆ ಯಾರು ಕೊಡುತ್ತಾರೆ ತಮ್ಮಾ? ಮಾಲು ಇಲ್ಲೇ ಇರುತ್ತದೆ, ಬೇಕಾದರೆ ಮುಂಗಡ ಒಯ್ಯುತ್ತಾರೆ” ಎಂದರಂತೆ. ಅಂದರೆ ಅಲ್ಲಿರಬೇಕಾದದ್ದು 0..1 (ಸೊನ್ನೆ ಇಲ್ಲವೇ ಒಂದು). ಅವರ ತಂತ್ರಾಂಶವು ಮಾರಾಟವಾಗದ ಲಾಟನ್ನು ದಾಖಲಿಸಲು ಒಪ್ಪುತ್ತಲೇ ಇರಲಿಲ್ಲ. ಗೋದಾಮಿನಲ್ಲಿ ಚೀಲವಿದೆ, ಲೆಕ್ಕದಲ್ಲಿಲ್ಲ! ಒಂದು ಸೊನ್ನೆ ಬಿಟ್ಟುಹೋದದ್ದಕ್ಕೆ ಮೂರು ದಿನ ಪ್ರೋಗ್ರಾಂ ತಿದ್ದಿದರು.

ಇನ್ನು ಗೆರೆಯ ತುದಿಗೆ ಹಾಕುವ ವಜ್ರಾಕೃತಿಯ ವಿಷಯ: ಒಂದು ಇನ್ನೊಂದರ ಭಾಗ ಎಂದು ಅದು ಹೇಳುತ್ತದೆ. ತುಂಬಿದ ವಜ್ರವನ್ನು ‘ಪೂರ್ತಿ’ಯ ಬದಿಗೆ ಹಾಕಬೇಕು: ಪಟ್ಟಿಯನ್ನು ಅಳಿಸಿದರೆ ಅದರೊಳಗಿನ ಸಾಲುಗಳೂ ಹೋಗುತ್ತವೆ, ಹಾಗಾಗಿ ವಜ್ರ ಪಟ್ಟಿಯ ಕಡೆಗೆ. ಖಾಲಿ ವಜ್ರವನ್ನು ಬಳಸಲೇಬೇಡಿ. ಅದರ ಖಚಿತ ಅರ್ಥವನ್ನು ಯುಎಂಎಲ್ ಮಾನಕವೇ ಬಳಸುವವರಿಗೆ ಬಿಟ್ಟಿದೆ. ಪರೀಕ್ಷಕರು ಕೇಳಿದರೆ ಹೀಗೆಂದೇ ಹೇಳಿ.

ಸೀಕ್ವೆನ್ಸ್ ಚಿತ್ರವನ್ನು ಕೊನೆಗೆ, ಒಂದೆರಡು ಯೂಸ್ ಕೇಸ್‌ಗಳಿಗೆ ಮಾತ್ರ ಬರೆಯಿರಿ. ವಸ್ತುಗಳು ಮೇಲ್ಗಡೆ ಸಾಲಾಗಿ, ಕಾಲ ಕೆಳಮುಖವಾಗಿ, ಸಂದೇಶಗಳು ಅಡ್ಡ ಬಾಣಗಳಾಗಿ. ಬಾಣ ತಲುಪಿದ ಕ್ಲಾಸ್‌ನಲ್ಲಿ ಆ ಹೆಸರಿನ ಕ್ರಿಯೆ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಕ್ಲಾಸ್ ಚಿತ್ರಕ್ಕೆ ಮರಳಿ. ಬೆಳೆಗಾರರು ದರ ಒಪ್ಪದ ಸಂದರ್ಭವನ್ನೇ ಮೊದಲು ಬರೆಯಿರಿ. ಎಲ್ಲ ಸಲೀಸಾಗಿ ನಡೆಯುವ ಚಿತ್ರದಿಂದ ತಪ್ಪು ಹೊರಬೀಳುವುದಿಲ್ಲ.

ಇಷ್ಟಾದ ಮೇಲೆ ಕಂಪ್ಯೂಟರ್. ನನ್ನ ಆಯ್ಕೆ ಪ್ಲಾಂಟ್‌ಯುಎಂಎಲ್: ಸಾಲುಗಳಲ್ಲಿ ಬರೆದರೆ ಚಿತ್ರವನ್ನು ತಾನೇ ಜೋಡಿಸುತ್ತದೆ, ಉಚಿತ. ಪೆಟ್ಟಿಗೆಗಳನ್ನು ಕೈಯಿಂದಲೇ ಸರಿಸಬೇಕೆನ್ನುವವರಿಗೆ ಡ್ರಾ.ಐಓ ಇದೆ. ಪ್ರಾಯೋಗಿಕ ಅವಧಿ ಮುಗಿದೊಡನೆ ಚಿತ್ರದ ಮೇಲೆಲ್ಲ ತನ್ನ ಮುದ್ರೆ ಒತ್ತುವ ತಂತ್ರಾಂಶಗಳನ್ನು ದೂರವಿಡಿ. ಪ್ರೋಗ್ರಾಂನಿಂದಲೇ ಚಿತ್ರ ಹೊರತೆಗೆಯುವ ಅಡ್ಡದಾರಿಯೂ ಇದೆ. ಆ ಹುಡುಗರು ಮೊದಲು ಹಿಡಿದದ್ದು ಅದನ್ನೇ, ಮಾರಾಟದ ಬದಿಯ ಆ 1 ಅಲ್ಲಿಯೂ ಹಾಗೆಯೇ ಬಂದು ಕೂತಿತ್ತು.