ಸಿಕ್ಯೂ ವರ್ಲ್ಡ್‌ವೈಡ್ ಸ್ಪರ್ಧೆಗೆ ತಂಡ ಕಟ್ಟುವ ಬಗೆ: ಬೆಂಗಳೂರಿನಿಂದ ಎರಡು ರೇಡಿಯೊ, ಆರು ಜನ, 48 ಗಂಟೆ

ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಸಿಕ್ಯೂ ವರ್ಲ್ಡ್‌ವೈಡ್ ಧ್ವನಿ ಸ್ಪರ್ಧೆಯಲ್ಲಿ ಆದಷ್ಟು ದೇಶಗಳ ಸ್ಟೇಷನ್‌ಗಳನ್ನು ರೇಡಿಯೊದಲ್ಲಿ ಮಾತಾಡಿಸುವುದೇ ಆಟ. ಅದು ನಡೆಯುವುದು ಅಕ್ಟೋಬರ್ ತಿಂಗಳ ಕೊನೆಯ ಪೂರ್ಣ ವಾರಾಂತ್ಯದಲ್ಲಿ. ನಮ್ಮ ಗಡಿಯಾರದ ಪ್ರಕಾರ ಶನಿವಾರ ಬೆಳಗ್ಗೆ 5.30ಕ್ಕೆ ಶುರು, ಸೋಮವಾರ ಬೆಳಗ್ಗೆ 5.29ಕ್ಕೆ ಮುಕ್ತಾಯ. ಎರಡು ರೇಡಿಯೊಗಳು ಎರಡು ಬ್ಯಾಂಡ್‌ಗಳಲ್ಲಿ (ಆವರ್ತನ ಪಟ್ಟಿಗಳಲ್ಲಿ) ಏಕಕಾಲಕ್ಕೆ ಮಾತಾಡುವ ಮಲ್ಟಿ-ಟೂ ವರ್ಗಕ್ಕೆ ಆರು ಜನ ಸಾಕು. ಅಂಕ ಕೈಬಿಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಒಂದು ರೇಡಿಯೊ ಇನ್ನೊಂದರ ಕಿವಿ ಕಿವುಡು ಮಾಡುವುದು, ಬೇಕಾದ ಹೊತ್ತಿನಲ್ಲೇ ಕುರ್ಚಿ ಖಾಲಿ ಇರುವುದು. ಎರಡನ್ನೂ ಸ್ಪರ್ಧೆಗೆ ಮೊದಲೇ ಸರಿಪಡಿಸಿಕೊಳ್ಳಬೇಕು.

ಆಂಟೆನಾ ಎತ್ತುವ ಮುನ್ನ ಅಂಕದ ಲೆಕ್ಕ ತಿಳಿದಿರಲಿ. ಬೇರೆ ಖಂಡದ ಸಂಪರ್ಕಕ್ಕೆ 3 ಅಂಕ, ಏಷ್ಯಾದ ಬೇರೆ ದೇಶಕ್ಕೆ 1, ಭಾರತದೊಳಗೆ 0. ಪ್ರತಿ ಬ್ಯಾಂಡ್‌ನಲ್ಲೂ ಹೊಸದಾಗಿ ಸಿಕ್ಕ ದೇಶ ಮತ್ತು ವಲಯಗಳ (ಸ್ಪರ್ಧೆಗಾಗಿ ಜಗತ್ತನ್ನು ಹಂಚಿ ಸಂಖ್ಯೆ ಕೊಟ್ಟ ಭಾಗಗಳ) ಒಟ್ಟು ಸಂಖ್ಯೆಯಿಂದ ಈ ಅಂಕಗಳನ್ನು ಗುಣಿಸುತ್ತಾರೆ. ಅಂದರೆ ಜಪಾನಿನ ಮೂರು ಸಂಪರ್ಕ ಜರ್ಮನಿಯ ಒಂದಕ್ಕೆ ಸಮ. ಭಾರತದ ಸ್ಟೇಷನ್ ಶೂನ್ಯ ಅಂಕದ್ದಾದರೂ ಪ್ರತಿ ಬ್ಯಾಂಡ್‌ನಲ್ಲಿ ಒಮ್ಮೆ ಮಾತಾಡಿಸಿ, ದೇಶವೂ 22ನೇ ವಲಯವೂ ಗುಣಕಕ್ಕೆ ಸೇರುತ್ತವೆ.

ಆಂಟೆನಾ ದಿಕ್ಕನ್ನು ತೀರ್ಮಾನಿಸುವುದೂ ಈ ಲೆಕ್ಕವೇ. ಬೆಂಗಳೂರಿನಿಂದ ಬರ್ಲಿನ್ ಸುಮಾರು 322 ಡಿಗ್ರಿ, ನ್ಯೂಯಾರ್ಕ್ 335, ಟೋಕಿಯೊ 56. ಯುರೋಪು, ಅಮೆರಿಕ ಎರಡೂ ಹೆಚ್ಚು ಕಡಿಮೆ ಒಂದೇ ಕಡೆ ಇರುವುದು ನಮ್ಮ ಪುಣ್ಯ. ಡೈಪೋಲ್, ಅಂದರೆ ನಡುವೆ ಕೇಬಲ್ ಸೇರಿಸುವ ನೇರ ತಂತಿಯ ಆಂಟೆನಾ. ಅದರ ತಂತಿಯನ್ನು ಈಶಾನ್ಯ-ನೈಋತ್ಯವಾಗಿ ಎಳೆದರೆ ಅದರ ಬಲ ಎರಡಕ್ಕೂ ಸಲ್ಲುತ್ತದೆ. ಆದರೆ ಜಪಾನ್ ಸರಿಯಾಗಿ ತಂತಿಯ ತುದಿಗೆ, ಅಂದರೆ ಕಿವುಡು ಕಡೆಗೆ ಬೀಳುತ್ತದೆ. ಅದಕ್ಕಾಗಿ 15 ಮೀಟರ್ ಬ್ಯಾಂಡ್‌ಗೆ ವಾಯವ್ಯ-ಆಗ್ನೇಯವಾಗಿ ಇನ್ನೊಂದು ಡೈಪೋಲ್ ಕಟ್ಟಿ, ಸ್ವಿಚ್ಚಿನಿಂದ ಬದಲಿಸಿಕೊಳ್ಳಿ.

ಡೈಪೋಲ್‌ನ ಉದ್ದಕ್ಕೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ: 7.1ಕ್ಕೆ (40 ಮೀಟರ್ ಬ್ಯಾಂಡ್) 20.14 ಮೀಟರ್, 14.2ಕ್ಕೆ (20 ಮೀಟರ್ ಬ್ಯಾಂಡ್) 10.07, 21.25ಕ್ಕೆ (15 ಮೀಟರ್ ಬ್ಯಾಂಡ್) 6.73, 28.5ಕ್ಕೆ (10 ಮೀಟರ್ ಬ್ಯಾಂಡ್) 5.02. ಪ್ರತಿ ಕಡೆ 15 ಸೆಂಟಿಮೀಟರ್ ಹೆಚ್ಚು ಬಿಟ್ಟು ಕತ್ತರಿಸಿ, ಮೇಲೆತ್ತಿ ಅಳೆದು, ಆಮೇಲೆ ಮೊಟಕುಗೊಳಿಸಿ. ನೆಲದ ಹತ್ತಿರ ಅಳೆದ ಅಳತೆ ಮೇಲೆ ಹೋದಾಗ ಉಳಿಯುವುದಿಲ್ಲ. 20 ಮೀಟರ್ ಬ್ಯಾಂಡ್‌ಗೆ 10 ಮೀಟರ್ ಎತ್ತರವಾದರೂ ಬೇಕು. ಕೇಬಲ್ ಆರ್‌ಜಿ-213 ಇರಲಿ. 30 ಮೀಟರ್ ಉದ್ದದ ಆರ್‌ಜಿ-58 ಕೇಬಲ್ 28 ಮೆಗಾಹರ್ಟ್ಸ್‌ನಲ್ಲಿ ಎರಡೂವರೆ ಡೆಸಿಬೆಲ್‌ನಷ್ಟು ನುಂಗುತ್ತದೆ. 100 ವ್ಯಾಟ್ ಹಾಕಿದರೆ ಆಂಟೆನಾ ತಲುಪುವುದು 56.

ಅಕ್ಟೋಬರ್ ಕೊನೆ ಹಿಂಗಾರಿನ ಕಾಲ. ಹೊರಗಿನ ಪ್ರತಿ ಕನೆಕ್ಟರ್‌ಗೂ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ, ಕೇಬಲ್ ಕಿಟಕಿಯೊಳಗೆ ಬರುವ ಮುನ್ನ ಮಳೆನೀರು ಹೊರಗೇ ತೊಟ್ಟಿಕ್ಕುವಂತೆ ಒಂದು ಜೋಲು ಬಿಡಿ. ಗುಡುಗು ಕೇಳಿಸಿತೋ, ಕೇಬಲ್ ಕಳಚಿ ಹೊರಗಿಡಿ. ಆಗ ಅಂಕ ಎಣಿಸುತ್ತ ಕೂರುವುದು ಬೇಡ.

ಇನ್ನು ಕಿವುಡಿನ ಸಮಸ್ಯೆ. ಇಡೀ ತಯಾರಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. 7.1ರಲ್ಲಿ ಮಾತಾಡುವ ರೇಡಿಯೊದ ಎರಡನೇ ಹಾರ್ಮೋನಿಕ್ (ಎರಡು ಪಟ್ಟು ಆವರ್ತನದಲ್ಲಿ ಹುಟ್ಟುವ ಬೇಡದ ಸಿಗ್ನಲ್) 14.2ರಲ್ಲಿ, ಮೂರನೆಯದು 21.3ರಲ್ಲಿ, ನಾಲ್ಕನೆಯದು 28.4ರಲ್ಲಿ ಬೀಳುತ್ತದೆ. ಎಲ್ಲವೂ ಪಕ್ಕದ ಮೇಜಿನವರು ಕೇಳುತ್ತಿರುವ ಜಾಗಗಳೇ. ಮೊದಲ ಮದ್ದು ಅಂತರ: ಎರಡು ಆಂಟೆನಾಗಳ ನಡುವೆ ಕನಿಷ್ಠ 30 ಮೀಟರ್ ಬಿಡಿ, ತಂತಿಗಳು ತುದಿಗೆ ತುದಿ ಎದುರಾಗುವಂತೆ ಅಥವಾ ಅಡ್ಡಡ್ಡ ಕಟ್ಟಿ. ಒಂದಕ್ಕೊಂದು ಸಮಾಂತರವಾಗಿ ಕಟ್ಟಿದರೆ ಒಂದರ ಸಿಗ್ನಲ್ ಇನ್ನೊಂದಕ್ಕೆ ನುಗ್ಗುವುದು ಅತಿ ಹೆಚ್ಚು. ಎರಡನೆಯದು ಸ್ಟಬ್ (ಬೇಡದ ಆವರ್ತನವನ್ನು ತಡೆಯುವ ಕೇಬಲ್ ತುಂಡು), ಅಗ್ಗದ ಮದ್ದು: ಆರ್‌ಜಿ-213ರ 7.2 ಮೀಟರ್ ತುಂಡಿನ ಒಂದು ತುದಿಯನ್ನು ಶಾರ್ಟ್ ಮಾಡಿ, ಇನ್ನೊಂದನ್ನು ಟಿ-ಕನೆಕ್ಟರ್‌ನಿಂದ 40 ಮೀಟರ್ ರೇಡಿಯೊದ ಔಟ್‌ಪುಟ್‌ಗೆ ಸೇರಿಸಿ. ನ್ಯಾನೊವಿಎನ್‌ಎ ಎಂಬ ಪುಟ್ಟ ಅಳತೆ ಯಂತ್ರದಲ್ಲಿ ನೋಡುತ್ತ, 14.2ರಲ್ಲಿ ಆಳವಾದ ಕುಳಿ ಕಾಣುವವರೆಗೆ ಸ್ವಲ್ಪಸ್ವಲ್ಪವೇ ಕತ್ತರಿಸಿ ಮತ್ತೆ ಶಾರ್ಟ್ ಮಾಡುತ್ತಾ ಹೋಗಿ. 7 ಮೀಟರ್ ಆಸುಪಾಸಿನಲ್ಲಿ ನಿಲ್ಲುತ್ತದೆ. 7ರಲ್ಲಿ ಅದು ಕಾಲು ತರಂಗ, ಹಾಗಾಗಿ ಇದ್ದೂ ಇಲ್ಲದಂತೆ. 14ರಲ್ಲಿ ಅರ್ಧ ತರಂಗ, 28ರಲ್ಲಿ ಪೂರ್ಣ ತರಂಗ, ಹಾಗಾಗಿ ಎರಡೂ ಕಡೆ ಶಾರ್ಟ್. ಆದರೆ 21ರಲ್ಲಿ ಇದು ಏನೂ ಮಾಡದು, ಅಲ್ಲಿಗೆ ಒಂದೇ ಬ್ಯಾಂಡನ್ನು ಹಾಯಲು ಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಬೇಕು. ಬ್ಯಾಂಡ್ ಬದಲಿಸಿ ಫಿಲ್ಟರ್ ಬದಲಿಸಲು ಮರೆತರೆ ಫಿಲ್ಟರ್ ಸುಟ್ಟುಹೋಗುತ್ತದೆ, ಸ್ಟಬ್ ತೆಗೆಯಲು ಮರೆತು 20 ಮೀಟರ್‌ಗೆ ಹೋದರೆ ರೇಡಿಯೊ ಶಾರ್ಟಿನೊಳಕ್ಕೆ ಪವರ್ ಸುರಿಯುತ್ತದೆ. "ಫಿಲ್ಟರ್, ಸ್ಟಬ್, ಆಂಟೆನಾ" ಎಂದು ದೊಡ್ಡಕ್ಷರದಲ್ಲಿ ಬರೆದು ಟ್ಯೂನಿಂಗ್ ಗುಂಡಿಯ ಮೇಲೇ ಅಂಟಿಸಿ.

100 ವ್ಯಾಟ್ ರೇಡಿಯೊ ಗಟ್ಟಿ ಮಾತಿನಲ್ಲಿ 22 ಆಂಪಿಯರ್‌ವರೆಗೆ ಎಳೆಯುತ್ತದೆ. ಬ್ಯಾಟರಿಯಿಂದ 3 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರ್ ತಂತಿ ಹಾಕಿದರೆ ದಾರಿಯಲ್ಲೇ ಒಂದು ವೋಲ್ಟ್ ಹೋಗುತ್ತದೆ. 11.7 ವೋಲ್ಟಿಗಿಂತ ಕೆಳಗೆ ಎಷ್ಟೋ ರೇಡಿಯೊಗಳ ಧ್ವನಿ ಒಡೆಯುತ್ತದೆ, ಕೆಲವು ಆರಿಯೇ ಹೋಗುತ್ತವೆ. ತಂತಿ 4 ಚದರ ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ ಇರಲಿ, ಗಿಡ್ಡವಿರಲಿ.

ಲಾಗ್‌ಗೆ, ಅಂದರೆ ಸಂಪರ್ಕಗಳ ದಾಖಲೆಗೆ, ಎನ್‌1ಎಂಎಂ ಲಾಗರ್ ಪ್ಲಸ್ ಸಾಫ್ಟ್‌ವೇರ್ ಹಾಕಿ, ಎರಡೂ ಕಂಪ್ಯೂಟರ್‌ಗಳನ್ನು ವೈರ್‌ನಿಂದಲೇ ಜೋಡಿಸಿ. ವೈಫೈ ನಡುವೆ ಕೈಕೊಟ್ಟರೆ ಲಾಗ್ ಎರಡಾಗಿ ಸೀಳುತ್ತದೆ. ಗಡಿಯಾರ ಯುಟಿಸಿಯಲ್ಲಿರಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ). ಅಮೆರಿಕದ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಅಕ್ಷರ-ಅಂಕಿ) ನೋಡಿ ಸಾಫ್ಟ್‌ವೇರ್ ತಾನಾಗಿ ತುಂಬುವ ವಲಯವನ್ನು ನಂಬಬೇಡಿ, ಊರು ಬದಲಿಸಿದವರು ಹಳೆಯ ಕಾಲ್‌ಸೈನ್ ಉಳಿಸಿಕೊಂಡಿರುತ್ತಾರೆ. ಅವರು 3 ಅಂದರೋ 4 ಅಂದರೋ 5 ಅಂದರೋ, ಕಿವಿಗೆ ಬಿದ್ದದ್ದನ್ನೇ ಬರೆಯಿರಿ.

ಸ್ಪರ್ಧೆ ಶುರುವಾಗುವ ಹೊತ್ತೇ 40 ಮೀಟರ್ ಬ್ಯಾಂಡಿನ ಒಳ್ಳೆಯ ಹೊತ್ತು. ಸೂರ್ಯ ಮೂಡುವ ಮುಂಚಿನ ಆ ಮುಕ್ಕಾಲು ಗಂಟೆಯಲ್ಲಿ ಯುರೋಪ್ ಸಿಗುತ್ತದೆ, ಅದೃಷ್ಟವಿದ್ದರೆ ಅಮೆರಿಕವೂ. ನಮಗೆ 7.200ರ ಆಚೆ ಅನುಮತಿ ಇಲ್ಲ, ಅಮೆರಿಕದವರು 7.125ರ ಕೆಳಗೆ ಧ್ವನಿಯಲ್ಲಿ ಮಾತಾಡುವಂತಿಲ್ಲ. ಇಬ್ಬರೂ ಕೂಡುವ ಜಾಗ ಆ 75 ಕಿಲೋಹರ್ಟ್ಸ್ ಮಾತ್ರ. ಹಾಗೆಯೇ 20ರಲ್ಲಿ 14.150ರ ಕೆಳಗೆ, 15ರಲ್ಲಿ 21.200ರ ಕೆಳಗೆ ಕುಳಿತು ಕೂಗಿದರೆ ಅಮೆರಿಕ ನಿಮ್ಮನ್ನು ಕೇಳಬಹುದು, ಉತ್ತರ ಕೊಡಲಾರದು. ಬೆಳಗ್ಗೆ 15 ಮತ್ತು 10ರಲ್ಲಿ ಜಪಾನ್, ಪೆಸಿಫಿಕ್. ಮಧ್ಯಾಹ್ನ ಒಂದರಿಂದ ಯುರೋಪಿನ ಮಹಾಪೂರ, ಸಂಜೆ ಅದರ ಜೊತೆಗೆ ಅಮೆರಿಕದ ಪೂರ್ವ ಕರಾವಳಿ. ಕತ್ತಲಾದಂತೆ 20, ಆಮೇಲೆ 40, 80.

ಹಾಗಾಗಿ ನಿಮ್ಮ ಅತಿ ಚುರುಕು ಕಿವಿಗಳು ಕೂರಬೇಕಾದದ್ದು ಮಧ್ಯಾಹ್ನ ಒಂದರಿಂದ ರಾತ್ರಿ ಹನ್ನೊಂದರವರೆಗೆ. ಉತ್ಸಾಹದಲ್ಲಿ ಶುಕ್ರವಾರ ರಾತ್ರಿಯೆಲ್ಲ ಕಂಬ ಎತ್ತುತ್ತ ಎಚ್ಚರವಿರುವ ತಂಡಗಳಲ್ಲಿ ಅದೇ ಹೊತ್ತಿಗೆ ಎಲ್ಲರೂ ತೂಕಡಿಸುತ್ತಾರೆ. ಕಂಬಗಳು ಗುರುವಾರವೇ ಮುಗಿದಿರಲಿ. ಎರಡು ಗಂಟೆಗೊಂದು ಪಾಳಿ, ಬಿಡುವ ಹತ್ತು ನಿಮಿಷ ಮೊದಲು ಮುಂದಿನವರು ಎರಡನೇ ಹೆಡ್‌ಫೋನ್ ಹಾಕಿ ಪಕ್ಕದಲ್ಲಿ ಕೂರಲಿ. ರಾತ್ರಿ ಎರಡರಿಂದ ನಾಲ್ಕರವರೆಗೆ ಸಂಪರ್ಕ ಕಡಿಮೆ, ಹೊಸಬರಿಗೆ ಅದು ಒಳ್ಳೆಯ ಪಾಠಶಾಲೆ. ಆದರೆ ಮೈಕ್ ಹಿಡಿಯುವವರಿಗೆಲ್ಲ ಲೈಸೆನ್ಸ್ ಇರಲೇಬೇಕು.

ಪೈಲ್‌ಅಪ್‌ನಲ್ಲಿ (ಹಲವರು ಒಟ್ಟಿಗೆ ಕರೆಯುವಾಗ) ಅರ್ಧ ಕಾಲ್‌ಸೈನ್ ಕೇಳಿಸಿದರೆ ಊಹಿಸಿ ತುಂಬಬೇಡಿ, ಕೇಳಿದಷ್ಟನ್ನೇ ಹೇಳಿ ಪೂರ್ತಿ ಕೇಳಿ. ತಪ್ಪು ಕಾಲ್‌ಸೈನ್ ಪತ್ತೆಯಾದರೆ ಆ ಸಂಪರ್ಕದ 3 ಅಂಕ ಹೋಗುವುದಲ್ಲದೆ ದಂಡವಾಗಿ ಇನ್ನೂ 6 ಹೋಗುತ್ತವೆ. ಈಗಾಗಲೇ ಮಾತಾಡಿದವರು ಮತ್ತೆ ಕರೆದರೆ ವಾದ ಬೇಡ. 59 (ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂಬ ವರದಿ), 22 (ನಮ್ಮ ವಲಯ) ಎಂದು ಕೊಟ್ಟು ಲಾಗ್‌ನಲ್ಲಿ ಹಾಗೇ ಬಿಡಿ, ಅದಕ್ಕೆ ದಂಡವಿಲ್ಲ. ಮುಗಿದ ಮೇಲೆ ಡೇಟಾಬೇಸ್ ನೋಡಿಯೋ ಧ್ವನಿಮುದ್ರಣ ಕೇಳಿಯೋ ಕಾಲ್‌ಸೈನ್ ತಿದ್ದುವಂತಿಲ್ಲ. ಎರಡೂ ಕಂಪ್ಯೂಟರ್‌ಗಳ ಸಂಪರ್ಕ ಒಂದೇ ಲಾಗ್‌ನಲ್ಲಿ ಬಂದಿವೆಯೇ, ಆರೂ ಆಪರೇಟರ್‌ಗಳ ಕಾಲ್‌ಸೈನ್ ತಲೆಭಾಗದಲ್ಲಿ ಇವೆಯೇ ಎಂದು ನೋಡಿ, ಕ್ಯಾಬ್ರಿಲೊ (ಸ್ಪರ್ಧಾ ಲಾಗ್‌ನ ನಮೂನೆ) ಕಡತವನ್ನು ಐದು ದಿನದೊಳಗೆ ಕಳುಹಿಸಿ.