ದೊಡ್ಡಬಳ್ಳಾಪುರದಲ್ಲಿ ಮನೆ ಕೊಳ್ಳುವವರು ನೋಡಬೇಕಾದ್ದು, ಕೇಳಬೇಕಾದ್ದು

ಬೆಂಗಳೂರಿನೊಳಗೆ ಸೈಟಿನ ಬೆಲೆ ಕೇಳಿ ಕೈಬಿಟ್ಟವರು ಉತ್ತರಕ್ಕೆ ಹೊರಟರೆ ಯಲಹಂಕ, ರಾಜಾನುಕುಂಟೆ ದಾಟಿ ಸಿಗುವ ಊರು ದೊಡ್ಡಬಳ್ಳಾಪುರ. ಬಸ್ಸೂ ಇದೆ, ರೈಲೂ ಇದೆ. ದಾಬಸ್‌ಪೇಟೆಯಿಂದ ಹೊಸಕೋಟೆ ಕಡೆಗೆ ಹೋಗುವ ಸ್ಯಾಟಲೈಟ್ ರಿಂಗ್ ರಸ್ತೆ ತೆರೆದ ಮೇಲೆ ಬಡಾವಣೆಗಳ ಬೋರ್ಡುಗಳೂ ಹೆಚ್ಚಿವೆ. ಮನೆ ನೋಡಲು ಬರುವ ಬಹಳಷ್ಟು ಜನ ಟೈಲ್ಸ್, ಅಡುಗೆಮನೆ, ವಾಸ್ತು ನೋಡಿ ಅವತ್ತೇ ಟೋಕನ್ ಕೊಟ್ಟುಬಿಡುತ್ತಾರೆ. ಟೈಲ್ಸನ್ನು ಯಾವಾಗ ಬೇಕಾದರೂ ಕಿತ್ತು ಹಾಕಿಸಬಹುದು. ಜಮೀನಿನ ಮೂಲ, ನೀರು, ಅಕ್ಕಪಕ್ಕ ಇವನ್ನು ಆಮೇಲೆ ಬದಲಾಯಿಸಲು ಆಗುವುದಿಲ್ಲ. ನಿಮ್ಮ ಸಮಯವೆಲ್ಲ ಅಲ್ಲಿಗೇ ಹೋಗಲಿ.

ಮೊದಲು ರಾತ್ರಿ ಹೋಗಿ

ಇದು ನೇಕಾರರ ಊರು. ಹಳೆಯ ಬೀದಿಗಳಲ್ಲಿ ಮನೆಯ ಕೆಳಗಿನ ಮಹಡಿಯಲ್ಲೇ ವಿದ್ಯುತ್ ಮಗ್ಗಗಳಿರುತ್ತವೆ. ಮಧ್ಯಾಹ್ನ ಕರೆಂಟ್ ಇಲ್ಲದ ಹೊತ್ತಿನಲ್ಲಿ ಬ್ರೋಕರ್ ಕರೆದುಕೊಂಡು ಬಂದರೆ ಬೀದಿ ತಣ್ಣಗಿರುತ್ತದೆ. ಅದೇ ಬೀದಿಗೆ ರಾತ್ರಿ 9ರ ಮೇಲೆ ಕರೆಂಟ್ ಇರುವಾಗ ಹೋಗಿ ಮಲಗುವ ಕೋಣೆಯಲ್ಲಿ ನಿಂತು ಗೋಡೆಗೆ ಅಂಗೈ ಒತ್ತಿ ನೋಡಿ. ಆಚೆ ಬದಿಯಲ್ಲಿ ಮಗ್ಗ ಓಡುತ್ತಿದ್ದರೆ ಅದುರು ಕೈಗೇ ತಿಳಿಯುತ್ತದೆ. ಕಿಟಕಿ ಮುಚ್ಚಿದರೆ ಸದ್ದು ಸ್ವಲ್ಪ ತಗ್ಗುತ್ತದೆ, ಅದುರು ತಗ್ಗುವುದಿಲ್ಲ. ಬಂದು ನೆಲೆಸಿದ ಮೇಲೆ ಮಗ್ಗ ನಿಲ್ಲಿಸಿ ಎಂದು ದೂರು ಕೊಡುವುದು ನ್ಯಾಯವಲ್ಲ. ಅವರ ಅನ್ನ ಅದು, ನಿಮಗಿಂತ ಮುಂಚೆ ಅಲ್ಲಿದ್ದವರು ಅವರು. ಸದ್ದು ಆಗದವರು ಬೇರೆ ಬೀದಿ ನೋಡುವುದು ಮೇಲು.

ಮಳೆ ಬಂದ ಮಾರನೇ ದಿನ ಇನ್ನೊಂದು ಸಲ ಹೋಗಿ. ತಾರಸಿಯ ಕೆಳಗಿನ ಮೂಲೆಗಳು, ಬಾತ್‌ರೂಮಿನ ಹಿಂಬದಿಯ ಗೋಡೆ, ಸಂಪಿನ ಒಳಗೋಡೆ ಇವನ್ನು ಟಾರ್ಚ್ ಹಿಡಿದು ನೋಡಿ. ಸಿಮೆಂಟಿನ ಮೇಲೆ ಕೂದಲೆಳೆಯಂಥ ಬಿರುಕು ಇದ್ದರೆ ಗಾಬರಿ ಬೇಡ. ಕಿಟಕಿ ಮೂಲೆಯಿಂದ ಓರೆಯಾಗಿ ಏರುವ, ನಾಣ್ಯದ ಅಂಚು ಹೋಗುವಷ್ಟು ಅಗಲದ ಬಿರುಕಿದ್ದರೆ ಪಾಯ ಕುಸಿದಿರಬಹುದು. ಅಂಥ ಮನೆಗೆ ಸಿವಿಲ್ ಎಂಜಿನಿಯರನ್ನು ಕರೆಸದೆ ಬೆಲೆ ಮಾತಾಡಬೇಡಿ.

ನೀರು

ಊರಿಗೆ ನೀರು ಬರುವುದು ಜಕ್ಕಲಮಡಗು ಜಲಾಶಯದಿಂದ ಮತ್ತು ಕೊಳವೆಬಾವಿಗಳಿಂದ. ನಲ್ಲಿಯಲ್ಲಿ ದಿನವೂ ನೀರು ಬರುತ್ತದೆಂದು ಲೆಕ್ಕ ಹಾಕಬೇಡಿ. ಮಾಲೀಕರನ್ನು ಕೇಳಿದರೆ “ನೀರಿಗೇನೂ ತೊಂದರೆ ಇಲ್ಲ” ಎಂದೇ ಹೇಳುತ್ತಾರೆ. ಎದುರುಮನೆಯವರನ್ನು ಕೇಳಿ: ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಮ್ಮೆ ಬಂತು, ಟ್ಯಾಂಕರ್ ಎಷ್ಟು ಸಲ ಹಾಕಿಸಿದಿರಿ?

ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂದರೆ ನಾಲ್ಕು ಜನರ ಮನೆಗೆ 540 ಲೀಟರ್, ವಾರಕ್ಕೆ ಸುಮಾರು 3,800 ಲೀಟರ್. ವಾರಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ 4,000 ಲೀಟರಿನ ಸಂಪ್ ಸಾಲದು. ಒಂದು ಸರದಿ ತಪ್ಪಿದರೆ ಟ್ಯಾಂಕರ್ ಹೇಳಬೇಕು, ಟ್ಯಾಂಕರ್ ಬಂದಾಗ ಇಡೀ ಲೋಡು ಹಿಡಿಸಬೇಕು. 8 ಅಡಿ ಉದ್ದ, 6 ಅಡಿ ಅಗಲ, 6 ಅಡಿ ಆಳದ ಸಂಪಿಗೆ ಸುಮಾರು 8,000 ಲೀಟರ್ ಹಿಡಿಸುತ್ತದೆ, ಅಷ್ಟಾದರೂ ಇರಲಿ. 1,000 ಚದರಡಿ ತಾರಸಿಗೆ ವರ್ಷಕ್ಕೆ 750–800 ಮಿ.ಮೀ. ಮಳೆ ಬಿದ್ದರೆ ಸೋರಿಕೆ ಕಳೆದು 55ರಿಂದ 60 ಸಾವಿರ ಲೀಟರ್ ಸಿಗುತ್ತದೆ. ಹಳೆಯ ಮನೆಯಾದರೂ ಮಳೆನೀರಿನ ಪೈಪನ್ನು ಸೋಸುಗುಂಡಿಯ ಮೂಲಕ ಸಂಪಿಗೆ ಸೇರಿಸುವುದು ದೊಡ್ಡ ಕೆಲಸವೇನಲ್ಲ.

ಕೊಳವೆಬಾವಿ ಇರುವ ಮನೆಯಾದರೆ ನೀರನ್ನು ಲ್ಯಾಬಿಗೆ ಕೊಡಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕರಗಿದ ಲವಣ ಲೀಟರಿಗೆ 500 ಮಿ.ಗ್ರಾಂ., ಫ್ಲೋರೈಡ್ 1 ಮಿ.ಗ್ರಾಂ. ಇದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ ಫ್ಲೋರೈಡ್ 1.5ರವರೆಗೆ ನಡೆಯುತ್ತದೆ. ನೈಟ್ರೇಟ್ 45 ದಾಟಬಾರದು. ದಾಟಿದ್ದರೆ ಹತ್ತಿರದ ಶೌಚದ ಗುಂಡಿಯನ್ನೋ ಚರಂಡಿಯನ್ನೋ ಅನುಮಾನಿಸಿ. ಆರ್‌ಒ ಮಾರುವವರು ಅದ್ದಿ ತೋರಿಸುವ ಪೆನ್ನಿನಂಥ ಮೀಟರಿಗೆ ಫ್ಲೋರೈಡೂ ತಿಳಿಯದು, ನೈಟ್ರೇಟೂ ತಿಳಿಯದು. ಕೈಗಾರಿಕಾ ಪ್ರದೇಶದ ಕಡೆ, ಅಂದರೆ ಬಾಶೆಟ್ಟಿಹಳ್ಳಿ, ದೊಡ್ಡತುಮಕೂರು, ಚಿಕ್ಕತುಮಕೂರು ಸುತ್ತ ನೋಡುವವರು ಈ ಪರೀಕ್ಷೆಯನ್ನು ತಪ್ಪಿಸಲೇಬಾರದು. ಅಲ್ಲಿನ ಕೆರೆಗಳಿಗೆ ಕಾರ್ಖಾನೆ ಮತ್ತು ಊರಿನ ಕೊಳಚೆ ಸೇರುತ್ತಿದೆಯೆಂದು ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ.

ಪತ್ರಗಳು

ಮನೆ ಯಾರ ವ್ಯಾಪ್ತಿಯಲ್ಲಿದೆ ಎಂಬುದು ಮೊದಲ ಪ್ರಶ್ನೆ: ನಗರಸಭೆಯೋ, ಬಾಶೆಟ್ಟಿಹಳ್ಳಿ ಪಟ್ಟಣ ಪಂಚಾಯಿತಿಯೋ, ಗ್ರಾಮ ಪಂಚಾಯಿತಿಯೋ? ಪಟ್ಟಣದ ವ್ಯಾಪ್ತಿಯಲ್ಲಿ ಇ-ಖಾತಾ, ಅಂದರೆ ಸ್ಥಳೀಯ ಸಂಸ್ಥೆಯ ಡಿಜಿಟಲ್ ಆಸ್ತಿ ದಾಖಲೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಬಿ-ಖಾತಾ ಎಂದರೆ ಕಂದಾಯ ಕಟ್ಟಿಸಿಕೊಳ್ಳಲು ತೆರೆದ ಲೆಕ್ಕವೇ ಹೊರತು ಕಟ್ಟಡ ಸಕ್ರಮವಾಯಿತು ಎಂದಲ್ಲ. ಗ್ರಾಮ ಪಂಚಾಯಿತಿಯಾದರೆ ಅಲ್ಲಿನ ಡಿಜಿಟಲ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಕೈಯಲ್ಲಿ ಅನಧಿಕೃತ ಆಸ್ತಿಗೆ ಕೊಡುವ 11ಬಿ ಮಾತ್ರ ಇದ್ದರೆ ಬ್ಯಾಂಕು ಸಾಲಕ್ಕೆ ಹಿಂದೆ ಸರಿಯುತ್ತದೆ, ಮುಂದೆ ನೀವು ಮಾರುವಾಗಲೂ ಅದೇ ತೊಡಕು.

“ಡಿಸಿ ಕನ್ವರ್ಷನ್ ಆಗಿದೆ ಸಾರ್” ಎಂಬ ಮಾತನ್ನು ಇಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೀರಿ. ಭೂ ಪರಿವರ್ತನೆ ಅರ್ಧ ಕೆಲಸ ಮಾತ್ರ. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು, ಪಾರ್ಕು ಮತ್ತು ರಸ್ತೆಯನ್ನು ಬಿಟ್ಟುಕೊಟ್ಟ ಪತ್ರ ಬೇಕು, ನಿಮ್ಮ ಸೈಟಿನ ಸಂಖ್ಯೆ ಬಿಡುಗಡೆಯಾದ ಸೈಟುಗಳ ಪಟ್ಟಿಯಲ್ಲಿರಬೇಕು. ರಸ್ತೆ, ಚರಂಡಿ, ವಿದ್ಯುತ್ ಕೆಲಸ ಮುಗಿದಂತೆ ಪ್ರಾಧಿಕಾರ ಸೈಟುಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುತ್ತದೆ. ಬಿಡುಗಡೆಯಾಗದ ಸೈಟನ್ನು ಅಗ್ರಿಮೆಂಟ್ ಮೇಲೆ ಮಾರಿ, ಹಣ ತೆಗೆದುಕೊಂಡು, ಬಡಾವಣೆಯನ್ನು ಅರ್ಧಕ್ಕೆ ನಿಲ್ಲಿಸುವುದು ಸಾಮಾನ್ಯ ಮೋಸ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಯೋಜನೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಅಂದರೆ ರೇರಾದಲ್ಲಿ ನೋಂದಣಿಯಾಗಿರಬೇಕು. ನೋಂದಾಯಿತ ಕರಾರು ಆಗುವ ಮುನ್ನ ಡೆವಲಪರ್ 10%ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ.

ಮೂಲಪತ್ರದಿಂದ ಇಂದಿನವರೆಗೆ ಕನಿಷ್ಠ 30 ವರ್ಷದ ಸರಪಳಿ ಜೋಡಿಸಿ. ಋಣಭಾರ ಪತ್ರ, ಅಂದರೆ ಇಸಿ, 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಸಿಗುತ್ತದೆ. ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಆಸ್ತಿಯ ಮೇಲೆ ನೋಂದಾಯಿತ ವ್ಯವಹಾರ ಇದ್ದರೆ ಇಸಿ ನಮೂನೆ 15ರಲ್ಲಿ ಬರುತ್ತದೆ, ಇಲ್ಲದಿದ್ದರೆ ನಮೂನೆ 16ರಲ್ಲಿ. ಇಸಿ ಸ್ವಚ್ಛ ಇದ್ದ ಮಾತ್ರಕ್ಕೆ ನೆಮ್ಮದಿ ಬೇಡ. ನೋಂದಣಿಯಾಗದ ಕರಾರು, ಬಾಯಿಮಾತಿನ ಭಾಗ, ಕೋರ್ಟಿನ ದಾವೆ ಇವು ಅದರಲ್ಲಿ ಕಾಣದೆ ಹೋಗಬಹುದು. ಮಾರುವವರ ಹೆಸರು ಹಾಕಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಹುಡುಕಿ.

ಪ್ರತಿ ಕ್ರಯಪತ್ರದ ಚಕ್ಕುಬಂದಿಯನ್ನು, ಅಂದರೆ ನಾಲ್ಕು ದಿಕ್ಕಿನ ಗಡಿಯನ್ನು, ಒಂದೇ ಹಾಳೆಯ ಮೇಲೆ ಬರೆದುಕೊಳ್ಳಿ. 1990ರ ದಶಕದ ಪತ್ರದಲ್ಲಿ “ಪೂರ್ವಕ್ಕೆ ರಸ್ತೆ” ಎಂದಿರುತ್ತದೆ, ಮುಂದಿನ ಪತ್ರದಲ್ಲಿ ಅದೇ ರಸ್ತೆ ಪಶ್ಚಿಮಕ್ಕೆ ಹೋಗಿರುತ್ತದೆ; ಬರಹಗಾರ ನಕಲು ಮಾಡುವಾಗ ಆದ ತಪ್ಪು. ಬ್ಯಾಂಕಿನ ವಕೀಲರು ಅದನ್ನು ಹಿಡಿದರೆ ಸಾಲ ನಿಂತುಹೋಗುತ್ತದೆ. ಹಿಂದಿನ ಮಾಲೀಕ ಬದುಕಿರುವಾಗಲೇ ತಿದ್ದುಪಡಿ ಪತ್ರ ಮಾಡಿಸುವುದು ಸುಲಭ, ಆಮೇಲೆ ಅವರ ವಾರಸುದಾರರನ್ನೆಲ್ಲ ಹುಡುಕಬೇಕಾಗುತ್ತದೆ.

ಹೆಚ್ಚು ವ್ಯಾಜ್ಯ ಹುಟ್ಟುವುದು ಪಿತ್ರಾರ್ಜಿತ ಆಸ್ತಿಯಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕಿದೆ. ತಂದೆ ಅಂದು ಬದುಕಿರಬೇಕು ಎಂಬ ಷರತ್ತು ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ಪಾಲುಪತ್ರವಿದ್ದರೆ ಅದಕ್ಕೆ ಧಕ್ಕೆ ಇಲ್ಲ. ಇಲ್ಲದಿದ್ದರೆ ವಂಶವೃಕ್ಷ ತರಿಸಿ, “ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆ” ಎಂಬ ಮಾತಿಗೆ ಒಪ್ಪದೆ ಅಕ್ಕತಂಗಿಯರೆಲ್ಲರ ಸಹಿಯನ್ನೂ ಪತ್ರದಲ್ಲಿ ಹಾಕಿಸಿ. ಅಪ್ರಾಪ್ತರ ಪಾಲಿದ್ದರೆ ಕೋರ್ಟಿನ ಅನುಮತಿ ಬೇಕಾಗುವ ಸಂದರ್ಭಗಳಿವೆ, ವಕೀಲರನ್ನು ಕೇಳಿ. ಬರೀ ಜಿಪಿಎ, ಅಂದರೆ ಅಧಿಕಾರ ಪತ್ರದ ಮೇಲೆ ಮಾರುವವರಿಂದ ಕೊಳ್ಳಬೇಡಿ. ಅದರಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಬಡಾವಣೆಯಾಗುವ ಮುನ್ನ ಅದು ಯಾರ ಹೊಲ ಎಂಬುದನ್ನು ಹಳೆಯ ಪಹಣಿಗಳಲ್ಲಿ ನೋಡಿ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಅದು ಮೂಲದವರಿಗೆ ಮರಳಬಹುದು. 2023ರ ತಿದ್ದುಪಡಿಯ ನಂತರ ಇದಕ್ಕೆ ಕಾಲಮಿತಿಯೂ ಇಲ್ಲ. ಪಹಣಿಯ 11ನೇ ಕಾಲಂನಲ್ಲಿ ಕೆಐಎಡಿಬಿ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಎಂಬ ನಮೂದಿದ್ದರೆ ಭೂಸ್ವಾಧೀನದ ಅಧಿಸೂಚನೆ ಆಗಿದೆ ಎಂದರ್ಥ. ಪಕ್ಕದ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದಲ್ಲಿ 1,777 ಎಕರೆಯ ಸ್ವಾಧೀನವನ್ನು 2025ರಲ್ಲಿ ಕೈಬಿಡುವಷ್ಟರಲ್ಲಿ ರೈತರು ವರ್ಷಗಟ್ಟಲೆ ಹೋರಾಡಿದ್ದರು. ಪಹಣಿಯಲ್ಲಿ ‘ಬಿ’ ಖರಾಬು ಎಂದಿದ್ದರೆ ಅದು ಸಾರ್ವಜನಿಕ ಜಾಗ, ರಾಜಕಾಲುವೆಯೋ ದಾರಿಯೋ ಇರುತ್ತದೆ. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ: ಅರ್ಕಾವತಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹರಿಯುವ ನದಿ, ಅದರ ಜಲಾನಯನಕ್ಕೆ 2003ರ ಸರ್ಕಾರಿ ಆದೇಶದಿಂದ ವಲಯವಾರು ನಿರ್ಬಂಧಗಳಿವೆ, ನಂತರ ಅವು ಪರಿಷ್ಕೃತವೂ ಆಗಿವೆ. ಯೋಜನಾ ಪ್ರಾಧಿಕಾರದಲ್ಲಿ ಸರ್ವೆ ನಂಬರ್ ಕೊಟ್ಟು ಯಾವ ವಲಯ ಎಂದು ಬರವಣಿಗೆಯಲ್ಲಿ ಪಡೆಯಿರಿ.

ಹಣ ಮತ್ತು ನೋಂದಣಿ

60 ಲಕ್ಷದ ಮನೆಗೆ ಲೆಕ್ಕ ಹೀಗೆ. ಮುದ್ರಾಂಕ ಶುಲ್ಕ 5%, ಅಂದರೆ 3 ಲಕ್ಷ. ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಪಟ್ಟಣದಲ್ಲಿ 36,000. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 2% ಆಗಿದೆ, ಅದು 1,20,000. ಒಟ್ಟು 4,56,000. ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ ಮತ್ತು ಕ್ರಯದ ಮೊತ್ತದಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶುಲ್ಕ. ಬ್ಯಾಂಕು ಈ ಬೆಲೆಗೆ ಹೆಚ್ಚೆಂದರೆ 80% ಸಾಲ ಕೊಡುತ್ತದೆ, ಶುಲ್ಕಗಳನ್ನು ಅದರಲ್ಲಿ ಸೇರಿಸುವುದಿಲ್ಲ. ಹಾಗಾಗಿ 12 ಲಕ್ಷದ ಜೊತೆ ಈ 4.56 ಲಕ್ಷ, ವಕೀಲರು, ಬ್ರೋಕರ್, ಸಣ್ಣಪುಟ್ಟ ರಿಪೇರಿ ಎಲ್ಲ ಸೇರಿ ಕೈಯಲ್ಲಿ 19 ಲಕ್ಷವಾದರೂ ಇಲ್ಲದೆ ಅಗ್ರಿಮೆಂಟ್ ಮಾಡಬೇಡಿ. ಬೆಲೆ 50 ಲಕ್ಷ ಅಥವಾ ಅದಕ್ಕೂ ಹೆಚ್ಚಾಗಿದ್ದರೆ 1% ಟಿಡಿಎಸ್, ಇಲ್ಲಿ 60,000, ಮಾರುವವರಿಗೆ ಕೊಡುವ ಹಣದಲ್ಲೇ ಹಿಡಿದು ಆದಾಯ ತೆರಿಗೆಗೆ ಕಟ್ಟುವುದು ಕೊಳ್ಳುವವರ ಹೊಣೆ. ಮಾರುವವರು ಅನಿವಾಸಿಯಾದರೆ ದರವೂ ವಿಧಾನವೂ ಬೇರೆ, ಆಡಿಟರ್ ಹಿಡಿಯಿರಿ. “ಅರ್ಧ ಕ್ಯಾಶ್ ಕೊಡಿ, ಕಡಿಮೆಗೆ ರಿಜಿಸ್ಟರ್ ಮಾಡಿಸೋಣ” ಎಂಬ ಮಾತಿಗೆ ತಲೆಯಾಡಿಸಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಮತ್ತು ಅದಕ್ಕೂ ಮೇಲಿನ ನಗದಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಅಗ್ರಿಮೆಂಟಿನಲ್ಲಿ ಮೂರು ತಿಂಗಳ ಅವಧಿ ಇಟ್ಟುಕೊಳ್ಳಿ. ಹಕ್ಕಿನಲ್ಲಿ ದೋಷ ಕಂಡರೆ ಅಥವಾ ಆ ಕಾರಣಕ್ಕೆ ಸಾಲ ಸಿಗದಿದ್ದರೆ ಮುಂಗಡ ಇಡಿಯಾಗಿ ವಾಪಸ್ ಎಂಬ ಷರತ್ತು ಹಾಕಿಸಿ. ಮೀಟರ್ ಬೋರ್ಡಿನಲ್ಲಿರುವ ಸಂಪರ್ಕ ಸಂಖ್ಯೆ, ಅಂದರೆ ಆರ್‌ಆರ್ ನಂಬರ್ ಬರೆದುಕೊಂಡು ಬೆಸ್ಕಾಂನಲ್ಲಿ ಬಾಕಿ ಇದೆಯೇ, ಸಂಪರ್ಕ ಕಾಯಮ್ಮೋ ತಾತ್ಕಾಲಿಕವೋ ವಿಚಾರಿಸಿ. ಹೊಸ ಮನೆಗಳಲ್ಲಿ ಕಟ್ಟಡ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಮೀಟರನ್ನೇ ಬಿಟ್ಟು ಮಾರುವುದುಂಟು.

ಕ್ರಯಪತ್ರದ ಕರಡನ್ನು ಕಾವೇರಿಯಲ್ಲಿ ಹಾಕಿದರೆ ಕಚೇರಿಯವರು ಪರಿಶೀಲಿಸುತ್ತಾರೆ, ಆಮೇಲೆ ಹಣ ಕಟ್ಟಿ ಸಮಯ ಕಾಯ್ದಿರಿಸಬೇಕು. ಆಧಾರ್, ಪ್ಯಾನ್, ಇಬ್ಬರು ಸಾಕ್ಷಿಗಳು ಸಿದ್ಧವಿರಲಿ. ನೋಂದಣಿ ಆದ ಮೇಲೆ ಖಾತೆ ನಿಮ್ಮ ಹೆಸರಿಗೆ ಬಂತೇ ಎಂದು ನೀವೇ ನೋಡುತ್ತಿರಿ. ತಾನಾಗಿ ಆಗುತ್ತದೆಂದು ಸುಮ್ಮನಿದ್ದವರ ಖಾತೆ ವರ್ಷವಾದರೂ ಹಳಬರ ಹೆಸರಲ್ಲೇ ಇರುತ್ತದೆ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ 5% ರಿಯಾಯಿತಿ.

ಬೀದಿಯವರಾಗುವುದು

ಗೃಹಪ್ರವೇಶಕ್ಕೆ ಬೀದಿಯ ಎರಡೂ ಬದಿಯ ಮನೆಗಳಿಗೆ ಖುದ್ದು ಹೋಗಿ ಕರೆಯಿರಿ, ವಾಟ್ಸಾಪ್ ಸಾಲದು. ಮಗ್ಗದವರಿಗೆ ಬೆಳಗಿನ ಹೊತ್ತು ಕೆಲಸ ಇರುತ್ತದೆ, ಸಂಜೆ ಹೋದರೆ ಮಾತು ಬೆಳೆಯುತ್ತದೆ. ಮನೆಗಳಲ್ಲಿ ಕನ್ನಡದ ಜೊತೆ ತೆಲುಗೂ ಕೇಳಿಸುತ್ತದೆ. ನೀರು ಬಿಡುವ ವಾಲ್‌ಮನ್ ಯಾರು, ಕಸದ ಆಟೋ ಎಷ್ಟು ಹೊತ್ತಿಗೆ ಬರುತ್ತದೆ, ವಾರ್ಡ್ ಸದಸ್ಯರ ನಂಬರ್ ಏನು ಎಂಬುದು ಆ ಮಾತಿನಲ್ಲೇ ತಿಳಿಯುತ್ತದೆ. ವರಮಹಾಲಕ್ಷ್ಮಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಕರೆದರೆ ತಪ್ಪಿಸಬೇಡಿ, ನೀವೂ ಕರೆಯಿರಿ.

ಊರಿನ ಹುರುಪು ನೋಡಬೇಕಾದರೆ ಆಷಾಢದಲ್ಲಿ ತಾರಸಿ ಹತ್ತಿ. ಗಾಳಿಪಟದ ಕಲೆಗೆ ದೊಡ್ಡಬಳ್ಳಾಪುರ ಹೆಸರಾದ ಊರು, ಇಲ್ಲಿ ಪಟ ಕಟ್ಟುವ ಹಿರಿಯರು ಮಕ್ಕಳಿಗೆ ಕಲಿಸಲು ಹಿಂದೆಮುಂದೆ ನೋಡುವುದಿಲ್ಲ. ಪುಷ್ಯ ಮಾಸದಲ್ಲಿ ಘಾಟಿ ಸುಬ್ರಹ್ಮಣ್ಯನ ರಥೋತ್ಸವ, ಅದಕ್ಕೆ ಮುಂಚೆ ದನಗಳ ಜಾತ್ರೆ. ರಥದ ದಿನ ಕಾರು ತೆಗೆಯದೆ ಬಸ್ಸಿನಲ್ಲಿ ಹೋಗಿ. ಗಣೇಶ, ರಾಜ್ಯೋತ್ಸವದ ಚಂದಾ ಕೇಳಲು ಬಂದರೆ ರಸೀದಿ ಪಡೆದು ಕೊಡಿ. ಲೆಕ್ಕ ಕೇಳಬೇಕೆನಿಸಿದರೆ ಚಂದಾ ಕೊಟ್ಟು, ಒಂದು ದಿನ ಪೆಂಡಾಲಿನ ಕೆಲಸಕ್ಕೂ ನಿಂತು ಆಮೇಲೆ ಕೇಳಿ.

ಹೊಸ ಬಡಾವಣೆಯಲ್ಲಿ ಸಂಘ ಇಲ್ಲದಿದ್ದರೆ ಮೊದಲ ವರ್ಷವೇ ಕಟ್ಟಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ನೋಂದಾಯಿಸಬಹುದು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ವರ್ಷಕ್ಕೊಂದು ಸಾಮಾನ್ಯ ಸಭೆ ಮತ್ತು ಲೆಕ್ಕ ಸಲ್ಲಿಕೆ ತಪ್ಪದಿರಲಿ. ಸಂಘದ ಮೊದಲ ಪತ್ರ ಬೀದಿದೀಪದ ಬಗ್ಗೆ ಬೇಡ. ಬಡಾವಣೆ ನಗರಸಭೆಗೆ ಹಸ್ತಾಂತರವಾಗಿದೆಯೇ, ಆಗಿದ್ದರೆ ಯಾವ ದಿನಾಂಕದ ಪತ್ರ ಎಂದು ಕೇಳಿ. ಹಸ್ತಾಂತರವಾಗುವವರೆಗೆ ದೀಪ, ಚರಂಡಿ, ಪಾರ್ಕು ಡೆವಲಪರನ ಹೊಣೆ. ಪಾರ್ಕಿಗೆ ಬಿಟ್ಟ ಜಾಗದ ಅಳತೆಯನ್ನು ಅನುಮೋದಿತ ನಕ್ಷೆ ಹಿಡಿದು ನೀವೇ ಟೇಪಿನಲ್ಲಿ ಅಳೆದು, ನಾಲ್ಕು ಮೂಲೆಗೂ ಕಲ್ಲು ನೆಡಿಸಿ ಫೋಟೊ ತೆಗೆದು ಸಂಘದ ಕಡತದಲ್ಲಿಡಿ.