ಅಂಕಕ್ಕಲ್ಲ, ಮಾಡಿದ ಕೆಲಸಕ್ಕೆ ನಕ್ಷತ್ರ

ನನ್ನ ತರಗತಿಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಬಹುಮಾನವಿಲ್ಲ. ಕೆಲವು ಪೋಷಕರಿಗೆ ಇದು ಅನ್ಯಾಯವೆನಿಸುತ್ತದೆ. ಆದರೆ ಮೊದಲ ಸ್ಥಾನ ಯಾರದೆಂದು ಮೊದಲ ಕಿರುಪರೀಕ್ಷೆ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳಿಗೂ ತಿಳಿದುಬಿಡುತ್ತದೆ. ಆಮೇಲೆ ಆ ಬಹುಮಾನಕ್ಕಾಗಿ ಓದುವವರು ಇಬ್ಬರೋ ಮೂವರೋ. ಅವರು ಅದಿಲ್ಲದಿದ್ದರೂ ಓದುವವರೇ.

ಮಗು ಮನಸ್ಸು ಮಾಡಿದರೆ ಇವತ್ತೇ ಮಾಡಿ ಮುಗಿಸಬಹುದಾದ ಕೆಲಸಕ್ಕೆ ಮಾತ್ರ ನಾನು ನಕ್ಷತ್ರದ ಚೀಟಿ ಅಂಟಿಸುತ್ತೇನೆ. ಲೆಕ್ಕ ಎಲ್ಲಿ ತಪ್ಪಿತೆಂದು ತಾನೇ ಗುರುತಿಸಿ ಮತ್ತೆ ಮಾಡಿ ತಂದರೆ ಒಂದು. ಗ್ರಂಥಾಲಯದ ಪುಸ್ತಕ ಓದಿ ನನ್ನ ಪ್ರಶ್ನೆಗಳಿಗೆ ಉತ್ತರಿಸಿದರೆ ಇನ್ನೊಂದು. ‘ಒಳ್ಳೆಯ ನಡತೆ’ಗೆಂದು ಕೊಡುವುದಿಲ್ಲ. ಅದರ ಅರ್ಥ ಮಕ್ಕಳಿಗಿರಲಿ, ನನಗೇ ದಿನಕ್ಕೊಂದು ಬಗೆ. ‘ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವುದು’ ಎಂದರೆ ಯಾರಿಗೂ ಅನುಮಾನವಿರುವುದಿಲ್ಲ.

ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ 2011ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದಾಗ ಈ ಪದ್ಧತಿಯ ಮೇಲೆ ನಂಬಿಕೆ ಗಟ್ಟಿಯಾಯಿತು. ಅಮೆರಿಕದ ಡಲ್ಲಾಸ್‌ನಲ್ಲಿ ಎರಡನೇ ತರಗತಿಯವರಿಗೆ ಓದಿದ ಪುಸ್ತಕಕ್ಕೆ ಇಷ್ಟೆಂದು ಹಣ ಕೊಟ್ಟಾಗ, ಇಂಗ್ಲಿಷ್ ಮಾತನಾಡುವ ಮಕ್ಕಳ ಓದಿನ ಗ್ರಹಿಕೆ ಸುಧಾರಿಸಿತು. ನ್ಯೂಯಾರ್ಕ್‌ನಲ್ಲಿ ಪರೀಕ್ಷೆಯ ಅಂಕಕ್ಕೆ ಹಣ ಕೊಟ್ಟರು, ಅಂಕ ಏರಲಿಲ್ಲ. ಹಣದ ಆಸೆ ಅಲ್ಲಿಯ ಮಕ್ಕಳಿಗೂ ಇತ್ತು, ಅಂಕ ಏರಿಸುವ ದಾರಿ ಮಾತ್ರ ತಿಳಿದಿರಲಿಲ್ಲ ಎಂಬುದು ಫ್ರೈಯರ್ ಅವರ ಊಹೆ.

ನಕ್ಷತ್ರಗಳು ಕೂಡಿದ ಮೇಲೆ ನಾನು ಪೆನ್ನು, ಮಿಠಾಯಿ ಕೊಡುವುದಿಲ್ಲ. ಮುಂದಿನ ಕಥೆಯನ್ನು ಆರಿಸುವ ಹಕ್ಕು, ಆಟದ ಪಿರಿಯಡ್‌ನಲ್ಲಿ ತಂಡ ಕಟ್ಟುವ ಹಕ್ಕು ಹೀಗೆ ಏನಾದರೊಂದು. ಎಲ್ಲರೂ ಮುಗಿಬೀಳುವುದು ನನ್ನ ಕುರ್ಚಿಯಲ್ಲಿ ಒಂದು ಪಿರಿಯಡ್ ಕೂರುವುದಕ್ಕೆ. ಅದರಲ್ಲಿ ಅಂಥ ಸುಖವೇನಿದೆಯೋ, ವರ್ಷಗಟ್ಟಲೆ ಕೂತ ನನಗಂತೂ ಗೊತ್ತಾಗಿಲ್ಲ.

ಒಮ್ಮೆ ಕೊಟ್ಟ ನಕ್ಷತ್ರವನ್ನು ಗಲಾಟೆ ಮಾಡಿದರೆಂದು ಕಿತ್ತುಕೊಳ್ಳುವುದಿಲ್ಲ. ಕಿತ್ತುಕೊಳ್ಳಬಹುದಾದದ್ದನ್ನು ಮಕ್ಕಳು ಗಳಿಕೆಯೆಂದು ನಂಬುವುದಿಲ್ಲ. ಯಾರ ನಕ್ಷತ್ರ ಎಷ್ಟೆಂಬ ಪಟ್ಟಿಯನ್ನು ಗೋಡೆಗೆ ತೂಗುಹಾಕುವುದೂ ಇಲ್ಲ. ಅದು ಅವರವರ ನೋಟುಬುಕ್ಕಿನ ಹಿಂಪುಟದಲ್ಲಿರುತ್ತದೆ.

ಚಿತ್ರ ಬಿಡಿಸುವುದಕ್ಕೆ ಮಾತ್ರ ಯಾವ ನಕ್ಷತ್ರವೂ ಇಲ್ಲ. ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರ 1973ರ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಪ್ರಮಾಣಪತ್ರ ಕೊಡುವುದಾಗಿ ಮುಂಚಿತವಾಗಿ ಹೇಳಿ ಚಿತ್ರ ಬರೆಸಿದ್ದರು. ಆಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ, ಹಾಗೆ ಮುಂಚಿತವಾಗಿ ಹೇಳಿರದ ಮಕ್ಕಳು ಕೊಟ್ಟದ್ದರ ಸುಮಾರು ಅರ್ಧದಷ್ಟೇ ಇತ್ತು. ನನ್ನ ತರಗತಿಯಲ್ಲಿ ಕೇಳದೆಯೇ ಬಣ್ಣದ ಪೆನ್ಸಿಲ್ ಹಿಡಿಯುವವರು ಬಹಳ ಮಂದಿ. ಅದನ್ನು ಕೆಣಕುವ ಧೈರ್ಯ ನನಗಿಲ್ಲ.

ಶುರುವಿನಲ್ಲಿ ಕೆಲಸ ಮುಗಿದ ಕೂಡಲೇ ನಕ್ಷತ್ರ. ಅಭ್ಯಾಸ ಕೂತ ಮೇಲೆ ವಾರಕ್ಕೊಮ್ಮೆ. ಆಮೇಲೆ ಯಾವಾಗಲೋ ಒಮ್ಮೆ, ಹೇಳದೆ ಕೇಳದೆ. ಇಷ್ಟಾದರೂ ಒಂದೂ ನಕ್ಷತ್ರವಿಲ್ಲದ ಪುಟ ಕಂಡರೆ ಆ ಮಗುವಿಗೆ ಇನ್ನೂ ದೊಡ್ಡ ಬಹುಮಾನದ ಆಸೆ ತೋರಿಸುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸುತ್ತೇನೆ. ಹೆಚ್ಚಿನ ಸಲ ತೊಡಕಿರುವುದು ಒತ್ತಕ್ಷರಗಳಲ್ಲಿ.